ಹೇಸರಗತ್ತೆಗೆ ಸಿಕ್ಕ ಕೊಬ್ಬರಿ ಮಿಠಾಯಿ

ಮುಸರ್ರತ್‌ಳದು ಹೊಟ್ಟೆಕಿಚ್ಚಿನ ಸ್ವಭಾವ ಎಂದರೆ ಅದು ಚಾಡಿಯಲ್ಲ. ಆಕೆಯ ಗಂಡ ಇಕ್ರಾಮನೇ ನಾಲ್ಕು ಜನರೆದುರು ನಗುತ್ತಾ ಹೇಳುತ್ತಿದ್ದ ಮಾತು. ಆದರೆ ಆ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇತ್ತು. ಒಡವೆ, ಸೀರೆ, ಮನೆ, ಕಾರು ಕಂಡು ಆಕೆ ಎಂದೂ ಕರುಬಿದವಳಲ್ಲ. ಅಮೆರಿಕದಲ್ಲಿ ಅವರಿದ್ದ ಶಾಮ್‌ಬರ್ಗಿನ ಪರಿಚಯದವರು ಒಬ್ಬೊಬ್ಬರಾಗಿ ಬಾಡಿಗೆ ಅಪಾರ್ಟ್‌ಮೆಂಟ್ ಬಿಟ್ಟು, ಹೊಸ ಬಡಾವಣೆಗಳಲ್ಲಿ ಐದು ಬೆಡ್‌ರೂಮಿನ ಮನೆ ಕೊಂಡು ಗೃಹಪ್ರವೇಶಕ್ಕೆ ಕರೆದರೆ, ಹೊಟ್ಟೆ ತುಂಬ ಉಂಡು, ಬಾಯಿ ತುಂಬ ಹೊಗಳಿ, ಮನೆಗೆ ಬಂದು ಕಣ್ಣು ತುಂಬ ನಿದ್ದೆ ಮಾಡುತ್ತಿದ್ದಳು. ಆಕೆಗೆ ಉರಿಯುತ್ತಿದ್ದದ್ದು ಮನುಷ್ಯರ ವಿಷಯದಲ್ಲಿ ಮಾತ್ರ. ತನ್ನವರು ಎಂದುಕೊಂಡವರು ಬೇರೆಯವರ ಜೊತೆ ಎರಡು ಮಾತು ಹೆಚ್ಚು ಆಡಿದರೆ ಸಾಕು, ಆ ದಿನ ಮನೆಯ ಸಾರಿಗೆ ಉಪ್ಪು ಜಾಸ್ತಿಯಾಗುತ್ತಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದ ಆಕೆಯ ತಂದೆ ಸಂಜೆ ಹೊತ್ತು ಮಕ್ಕಳನ್ನು ಸೈಕಲ್ ಮೇಲೆ ಸುತ್ತಾಡಿಸುತ್ತಿದ್ದರು. ಮುಂದಿನ ಕಂಬಿಯ ಮೇಲೆ ತಂಗಿ, ಹಿಂದಿನ ಕ್ಯಾರಿಯರ್ ಮೇಲೆ ಮುಸರ್ರತ್. ಮುಂದೆ ಕೂತವಳಿಗೆ ಅಬ್ಬಾ ಗುನುಗುವ ಹಾಡು ಕೇಳುತ್ತಿತ್ತು, ಅವರ ಗಡ್ಡ ತಲೆಗೆ ತಗಲುತ್ತಿತ್ತು. ಹಿಂದೆ ಕೂತವಳಿಗೆ ಕಾಣುತ್ತಿದ್ದದ್ದು ಬೆವರು ಹತ್ತಿದ ಅಂಗಿ. ಒಂದು ಸಂಜೆ ತಂಗಿಯ ತೊಡೆಯನ್ನು ರಕ್ತ ಹೆಪ್ಪುಗಟ್ಟುವ ಹಾಗೆ ಚಿವುಟಿದಳು. ಏಟು ಬಿತ್ತು, ಕಂಬಿಯ ಜಾಗ ಮಾತ್ರ ಸಿಗಲಿಲ್ಲ.

ಅಮೆರಿಕಕ್ಕೆ ಬಂದ ಮೇಲೆ ಗಂಡ ಮತ್ತು ಮಗಳು ಹುದಾಳನ್ನು ಬಿಟ್ಟರೆ ಆಕೆಗೆ ತನ್ನವಳು ಎನ್ನಲು ಇದ್ದದ್ದು ಇಂದುಮತಿ ಒಬ್ಬಳೇ. ಇಕ್ರಾಮನಿಗೆ ಡೆಸ್ ಪ್ಲೇನ್ಸಿನ ಒಂದು ಕಾರ್ಗೋ ಆಫೀಸಿನಲ್ಲಿ ಕೆಲಸ. ವಿಮಾನ ಇಳಿಯುವ ಹೊತ್ತೇ ಅವನ ಹೊತ್ತು. ಹುದಾ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಮುಸರ್ರತ್ ಬೇಸ್‌ಮೆಂಟಿನಲ್ಲಿ ಮಷೀನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಇದಕ್ಕೂ ಮುಂಚೆ, ತೊಂಬತ್ತೆಂಟರ ಚಳಿಗಾಲದಲ್ಲಿ, ಇನ್ನೂ ಅಪಾರ್ಟ್‌ಮೆಂಟಿನಲ್ಲಿದ್ದಾಗ, ಲಾಂಡ್ರಿ ರೂಮಿನಲ್ಲಿ ನಾಣ್ಯ ನುಂಗಿ ಸುಮ್ಮನೆ ನಿಂತ ಡ್ರೈಯರನ್ನು ಒದ್ದು, "ಥತ್, ನಿನ್ನ ಮನೆ ಹಾಳಾಗ!" ಎಂದಿದ್ದಳು. ಪ್ರಾರ್ಥನೆಗೆ ಉರ್ದು, ಅಂಗಡಿಗೆ ಇಂಗ್ಲಿಷು, ಬೈಯುವುದಕ್ಕೆ ಕನ್ನಡ ಎಂದು ಆಕೆ ಭಾಷೆಗಳನ್ನು ಹಂಚಿಟ್ಟಿದ್ದಳು. ಬಾಗಿಲಲ್ಲಿ ಬಟ್ಟೆಬುಟ್ಟಿ ಹಿಡಿದು ನಿಂತಿದ್ದ ಹೆಂಗಸು ನಗು ತಡೆಯಲಾರದೆ ಬುಟ್ಟಿ ಕೆಳಗಿಟ್ಟಳು.

"ಅದರ ಮನೆ ಹಾಳಾಗಿ ತಿಂಗಳಾಯ್ತು ರೀ. ಪಕ್ಕದ್ದಕ್ಕೆ ಹಾಕಿ," ಎಂದಳು.

ಅವಳೇ ಇಂದುಮತಿ, ಮೈಸೂರು ಕಡೆಯವಳು, ಕೆ.ಆರ್. ನಗರದ ಹುಡುಗಿ. 'ರೀ' ಹೋಗಿ 'ಕಣೇ' ಬರಲು ಒಂದು ವಾರ ಸಾಕಾಯಿತು. ಎಲ್ಲರೂ ಅವಳನ್ನು ಇಂದುಮತಿ ಎಂದರೆ ಮುಸರ್ರತ್ ಮಾತ್ರ 'ಇಂದು' ಎನ್ನುತ್ತಿದ್ದಳು. ಆ ಅರ್ಧ ಹೆಸರು ತನಗೊಬ್ಬಳಿಗೇ ಸೇರಿದ್ದು ಎಂದು ಆಕೆಯ ತೀರ್ಮಾನ.

ಇಬ್ಬರ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಿತ್ತು. ತಳ ಇಂದುಮತಿಯ ಮನೆಯದು, ಮುಚ್ಚಳ ಮುಸರ್ರತ್‌ಳ ಮನೆಯದು. ಯಾವುದೋ ಹಬ್ಬದಲ್ಲಿ ಅದಲುಬದಲಾಗಿ, ಬಿಗಿಯಾಗಿ ಕೂತವಲ್ಲ ಎಂದು ಹಾಗೇ ಬಿಟ್ಟಿದ್ದರು. ಕೊಟ್ಟ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು ಎಂಬುದು ಎರಡೂ ಮನೆಯ ಪದ್ಧತಿ. ಆದ್ದರಿಂದ ಡಬ್ಬಿ ಯಾರ ಮನೆಯಲ್ಲಿದೆಯೋ ಅವರು ಋಣದಲ್ಲಿದ್ದ ಹಾಗೆ. ಈದ್‌ಗೆ ಶಾವಿಗೆ ಹೋದರೆ ಗೌರಿಹಬ್ಬಕ್ಕೆ ಒಬ್ಬಟ್ಟು ಬರುತ್ತಿತ್ತು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಸೈ. ಆ ಡಬ್ಬಿಗೆ ಹಾಕುವ ತಿಂಡಿಗೆಂದು ಮುಸರ್ರತ್ ಬೇರೆ ಬಾಣಲೆ, ಬೇರೆ ಸೌಟು ಇಟ್ಟಿದ್ದಳು; ಅವಕ್ಕೆ ಮಾಂಸ ಸೋಕಿರಲಿಲ್ಲ. ಇಂದುಮತಿ ಕೇಳಿರಲಿಲ್ಲ, ಈಕೆ ಹೇಳಿರಲೂ ಇಲ್ಲ.

ಎರಡು ಸಾವಿರದ ಮೂರರಲ್ಲಿ ತಿಪಟೂರಿನಲ್ಲಿ ಅಮ್ಮಿ ತೀರಿಕೊಂಡಾಗ ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಂದಿರಲಿಲ್ಲ, ಮುಸರ್ರತ್‌ಗೆ ಹೋಗಲಾಗಲಿಲ್ಲ. ಊಟ ಬಿಟ್ಟು ಗೋಡೆ ನೋಡುತ್ತಾ ಕೂತವಳ ಮುಂದೆ ಇಂದುಮತಿ ಡಬ್ಬಿ ತಂದಿಟ್ಟಳು. ಒಳಗೆ ಅಮ್ಮಿಯ ಕೊಬ್ಬರಿ ಮಿಠಾಯಿ. ಒಣಕೊಬ್ಬರಿ ತುರಿದು ಹುರಿದು, ಬೆಲ್ಲದ ಪಾಕಕ್ಕೆ ಹಾಕಿ, ಕಡೆಗೆ ಬೇರೆ ಯಾರೂ ಹಾಕದ ಒಂದು ಚಿಟಿಕೆ ಕಾಳುಮೆಣಸಿನ ಪುಡಿ. ಹಿಂದೊಮ್ಮೆ ಮುಸರ್ರತ್ ಹೇಳಿಕೊಟ್ಟು, "ಯಾರಿಗೂ ಹೇಳಬಾರದು, ಆಣೆ ಇಡು" ಎಂದು ಆಣೆ ಇಡಿಸಿಕೊಂಡಿದ್ದಳು. ಮಿಠಾಯಿ ಕರಗಿ ಕಡೆಗೆ ಮೆಣಸು ಗಂಟಲಲ್ಲಿ ಚುರುಕ್ ಎಂದಾಗ ಆಕೆಗೆ ಅಳು ಬಂತು. ಅಮ್ಮಿ ಹೋದ ಮೇಲೆ ಅತ್ತದ್ದು ಅದೇ ಮೊದಲು.

ಇಂಥ ಇಂದುಮತಿ ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಊರು ಬಿಡಲು ಹೊರಟಳು. ಮಗಳು ಮಾನ್ಯಾ ಮಿಶಿಗನ್ನಿನ ರಾಚೆಸ್ಟರ್ ಹಿಲ್ಸಿನಲ್ಲಿ ಡಾಕ್ಟರು. ಅವಳಿಗೆ ಹೆರಿಗೆ ಹತ್ತಿರವಾಗಿತ್ತು. ಇಂದುಮತಿಯ ಗಂಡ ಸತ್ಯ ಕೆಲಸದಿಂದ ನಿವೃತ್ತನಾಗಿದ್ದ. ಮೊಮ್ಮಗು ಬಂದ ಮೇಲೆ ಅಲ್ಲೇ ಇರುವುದು ಎಂದು ಗಂಡ ಹೆಂಡತಿ ನಿರ್ಧರಿಸಿಬಿಟ್ಟಿದ್ದರು. ಶಾಮ್‌ಬರ್ಗಿನಿಂದ ಅಲ್ಲಿಗೆ ಕಾರಿನಲ್ಲಿ ಐದು ಗಂಟೆಯ ದಾರಿ. ಮುಸರ್ರತ್ ಕಾರು ಓಡಿಸುವುದು ಮನೆಯಿಂದ ದಿನಸಿ ಅಂಗಡಿಗೆ ಮಾತ್ರ. ಹೈವೇ ಎಂದರೆ ಆಕೆಯ ಕೈ ಬೆವರುತ್ತಿತ್ತು.

ಆದ್ದರಿಂದ ಆಕೆ ಒಂದು ಉಪಾಯ ಮಾಡಿದಳು. ಊರು ಬಿಡುವಾಗ ಡಬ್ಬಿ ಇಂದುಮತಿಯ ಕೈಯಲ್ಲಿರಬೇಕು. ಆಗ ಋಣ ಅವಳ ಮೇಲೆ. ಬೇರೆ ಯಾವುದಕ್ಕೆ ಬರದಿದ್ದರೂ ಡಬ್ಬಿ ತುಂಬಿ ಕೊಡಲು ಅವಳು ಬರಲೇಬೇಕು. ಕೆ.ಆರ್. ನಗರದ ಹೆಂಗಸು ಪಾತ್ರೆ ಇಟ್ಟುಕೊಂಡು ಸುಮ್ಮನಿದ್ದಳು ಎಂದಾದರೆ ಮನೆತನದ ಮಾನ ಉಳಿಯುತ್ತದೆಯೇ?

ಉಪಾಯಕ್ಕೆ ಅಡ್ಡ ಬಂದವಳು ನಿರುಪಮಾ. ಬೆಂಗಳೂರಿನವಳು, ಮೂವತ್ತರ ಆಸುಪಾಸು, ಹಿಂದಿನ ವರ್ಷ ತಾನೇ ಶಾಮ್‌ಬರ್ಗಿಗೆ ಬಂದಿದ್ದಳು. ಆ ವರ್ಷ ಎಷ್ಟೋ ಜನರ ಪ್ರಾಜೆಕ್ಟು ನಿಂತ ಹಾಗೆ ಅವಳದೂ ನಿಂತು, ಮಧ್ಯಾಹ್ನವೆಲ್ಲ ಪುರುಸೊತ್ತು. ಆ ಪುರುಸೊತ್ತನ್ನು ಅವಳು ಇಂದುಮತಿಯ ಅಡುಗೆಮನೆಯಲ್ಲಿ ಕಳೆಯತೊಡಗಿದಳು. ಇಂದುಮತಿಗೆ ಸೊಂಟನೋವು ಎಂದರೆ ಔಷಧಿ ತಂದಳು, ಸಾಮಾನು ಕಟ್ಟಬೇಕು ಎಂದರೆ ಪೆಟ್ಟಿಗೆ ತಂದಳು. ಹೊಸ ಅಗಸ ಬಟ್ಟೆ ಎತ್ತಿ ಎತ್ತಿ ಒಗೆದನಂತೆ ಎಂದು ಮುಸರ್ರತ್ ಗಂಡನ ಮುಂದೆ ಗೊಣಗಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ಯಾರದೋ ಮದುವೆಗೆಂದು ನಿರುಪಮಾ ಹೊಲಿಯಲು ಕೊಟ್ಟಿದ್ದ ಬ್ಲೌಸನ್ನು ಬೇಕೆಂದೇ ತೋಳಿನಲ್ಲಿ ಬಿಗಿ ಹಿಡಿದು ಹೊಲಿದಳು. ಆ ಹುಡುಗಿ ಮದುವೆಯಲ್ಲಿ ಕೈಯೆತ್ತಿ ಅಕ್ಷತೆ ಹಾಕಲಾಗದೆ ಒದ್ದಾಡಿದ್ದನ್ನು ಕೇಳಿ ಎರಡು ದಿನ ಖುಷಿಯಾಗಿದ್ದಳು.

ಹೊರಡುವ ಮುಂಚೆ ಇಂದುಮತಿಗೆ ಒಂದು ಆಸೆ ಇತ್ತು. ಅವಳ ತವರಿನ ಹಿತ್ತಲ ಹಿಂದೆಯೇ ನಾಲೆ ಹರಿಯುತ್ತಿತ್ತಂತೆ. ಇಳಿದರೆ ಕಾಲು ಮುರಿಯುತ್ತೇನೆ ಎಂದು ಅಜ್ಜಿ ಹೆದರಿಸುತ್ತಿದ್ದರಂತೆ. ನಾಲೆಯ ಮೇಲೆ ದೋಣಿಯಲ್ಲಿ ಹೋಗಬೇಕು ಎಂಬ ಆಗಿನ ಹುಚ್ಚು ಅರವತ್ತು ಹತ್ತಿರವಾದರೂ ಬಿಟ್ಟಿರಲಿಲ್ಲ. ಲಸಾಲ್ ಎಂಬ ಊರಿನಲ್ಲಿ ಹಳೆಯ ಕಾಲುವೆಯೊಂದರ ಮೇಲೆ ಹೇಸರಗತ್ತೆ ಎಳೆಯುವ ದೋಣಿ ಹೊಸದಾಗಿ ಶುರುವಾಗಿದೆ ಎಂದು ತಿಳಿದಾಗ, "ಮುಸರ್ರತ್, ಹೋಗೋಣ ಕಣೇ," ಎಂದಳು. ಇಡೀ ದಿನ, ಇಬ್ಬರೇ, ಕಾಲುವೆ, ದೋಣಿ, ಬುತ್ತಿ. ಮುಸರ್ರತ್ ಹಿಂದಿನ ದಿನವೇ ಆ ಬೇರೆ ಬಾಣಲೆಯಲ್ಲಿ ತುಪ್ಪ ಕಾಯಿಸಿ ಬಾದಾಮಿ ಹಲ್ವಾ ಮಾಡಿ ಡಬ್ಬಿ ತುಂಬಿದಳು. ಮಾರನೆಯ ದಿನ ಅದು ಇಂದುಮತಿಯ ಕೈ ಸೇರಿದರೆ ಮುಗಿಯಿತು. ಮುಂದಿನ ವಾರ ಅವಳು ಹೊರಟೇಬಿಡುತ್ತಿದ್ದಳು.

ಬೆಳಗ್ಗೆ ಮನೆಮುಂದೆ ಕಾರು ಬಂದು ನಿಂತಾಗ ಸ್ಟೀರಿಂಗ್ ಹಿಡಿದವಳು ನಿರುಪಮಾ.

"ಬನ್ನಿ ಆಂಟಿ! ಇಂದುಮತಿ ಆಂಟಿಗೆ ಸೊಂಟ ಹಿಡ್ಕೊಂಡಿದೆ, ಅದಕ್ಕೇ ನಾನು ಡ್ರೈವ್ ಮಾಡ್ತಿದೀನಿ."

"ನಿಮಗ್ಯಾಕೆ ಸುಮ್ಮನೆ ತೊಂದರೆ," ಎಂದಳು ಮುಸರ್ರತ್. ತನಗಿಂತ ಅಷ್ಟು ಚಿಕ್ಕವಳನ್ನು 'ನೀವು' ಎನ್ನುತ್ತಿದ್ದದ್ದು ಗೌರವಕ್ಕಲ್ಲ, ದೂರ ಇಡುವುದಕ್ಕೆ.

ಮುಂದಿನ ಸೀಟಿನಲ್ಲಿ ಇಂದುಮತಿ. ಹನ್ನೊಂದು ವರ್ಷ ಇಂದುಮತಿ ಕಾರು ಓಡಿಸಿದ್ದಳು, ಪಕ್ಕದ ಸೀಟು ಮುಸರ್ರತ್‌ಳದಾಗಿತ್ತು. ಆಕೆ ಹಿಂದಿನ ಸೀಟಿಗೆ ಹತ್ತಿ, ನೀರಿನ ಬಾಟಲಿ, ಚಾಪೆ, ಪುಳಿಯೋಗರೆಯ ಪಾತ್ರೆಯ ಪಕ್ಕ ಕೂತಳು. ಐ-80 ಹೆದ್ದಾರಿಯ ಉದ್ದಕ್ಕೂ ಮುಂದೆ ಇಬ್ಬರೂ ಏನೇನೋ ಮಾತಾಡಿ ನಕ್ಕರು. ಎಸಿಯ ಸದ್ದಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಸೈಕಲ್ ಕ್ಯಾರಿಯರ್ ಮೇಲಿಂದ ಇಳಿದು ಇಷ್ಟು ದೂರ ಬಂದರೂ ಮತ್ತೆ ಅದೇ ಜಾಗ ಎಂದು ಆಕೆಗೆ ಕಣ್ಣು ತುಂಬಿತು.

ಲಸಾಲ್ ಮುಟ್ಟಿದಾಗ ಬಿಸಿಲು ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಕಾಲುವೆ ಹಸಿರು ನೀರಿನ ಸಣ್ಣ ಪಟ್ಟಿ; ದಡದುದ್ದಕ್ಕೂ ಮರಗಳು, ಒಂದು ಮಣ್ಣಿನ ಕಾಲುದಾರಿ. "ಅಯ್ಯೋ, ನಮ್ಮ ನಾಲೆನೇ ಕಣೇ!" ಎಂದು ಇಂದುಮತಿ ಸೊಂಟ ಹಿಡಿದುಕೊಂಡೇ ಕುಣಿದಳು. ದೋಣಿಗೆ ಇನ್ನೂ ಹೊತ್ತಿತ್ತು. ಮರದ ಕೆಳಗೆ ಚಾಪೆ ಹಾಸಿ ಬುತ್ತಿ ಬಿಚ್ಚಿದರು. ಮುಸರ್ರತ್ ಬಿಸ್ಮಿಲ್ಲಾ ಎಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಇಂದುಮತಿಗೆ ಕೊಟ್ಟಳು. ಇನ್ನು ನೀನು ಎಲ್ಲಿಗೆ ಹೋದರೂ ನನ್ನ ಋಣದಲ್ಲಿ ಎಂದುಕೊಂಡಳು.

ಇಂದುಮತಿ ಒಂದು ತುಂಡು ಹಲ್ವಾ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ನೋಡಬಾರದ್ದು ನಡೆಯಿತು. ಉಳಿದ ಹಲ್ವಾವನ್ನು ಅವಳು ತಟ್ಟೆಗೆ ಸುರಿದಳು. ನಿರುಪಮಾ ಡಬ್ಬಿಯನ್ನು ನಲ್ಲಿಗೆ ಒಯ್ದು ತೊಳೆದು, ಒರೆಸಿ, ತನ್ನ ಚೀಲದಿಂದ ಒಂದು ಪೊಟ್ಟಣ ತೆಗೆದು ಡಬ್ಬಿಗೆ ತುಂಬಿ, ಮುಚ್ಚಳ ಹಾಕಿದಳು. ಇಂದುಮತಿ ಅದನ್ನು ನಗುನಗುತ್ತಾ ಮುಸರ್ರತ್‌ಳ ಮಡಿಲಲ್ಲಿಟ್ಟಳು.

"ತಗೋ. ನಿರುಪಮಾ ಮಾಡಿದ್ದು. ನೀನು ತಿಂದು ಹೇಳಬೇಕು."

ಮುಸರ್ರತ್‌ ಡಬ್ಬಿಯನ್ನು ಕೈಗೆತ್ತಿಕೊಂಡಳು. ಕೊಟ್ಟು ಕಾಲು ಗಂಟೆಯಾಗಿರಲಿಲ್ಲ, ಋಣ ತೀರಿಹೋಯಿತು. ಅದೂ ಇನ್ನೊಬ್ಬಳ ಕೈಯಡುಗೆಯಿಂದ! ಹೊರಡುವ ಮುಂಚೆ ಯಾವ ಬಾಕಿಯೂ ಇರಬಾರದು ಎಂದು ಗುಡಿಸಿ ಸಾರಿಸಿಬಿಟ್ಟಳೇ ಇವಳು? "ಆಮೇಲೆ ತಿಂತೀನಿ," ಎಂದು ಎದ್ದಳು. ಎದೆಯಲ್ಲಿ ಬೆಂಕಿ ಬಿದ್ದಿತ್ತು.

ಆಚೆ ಬೇಲಿಯ ಹತ್ತಿರ ಹೇಸರಗತ್ತೆಯನ್ನು ಕಟ್ಟಿದ್ದರು. ಕಂದು ಬಣ್ಣ, ಉದ್ದ ಕಿವಿ, ಡೈಸಿ ಎಂದು ಹೆಸರು. ತಿನಿಸು ಕೊಡಬೇಡಿ ಎಂಬ ಬೋರ್ಡ್ ಪಕ್ಕದಲ್ಲೇ ಇತ್ತು. ಮುಸರ್ರತ್ ಸುತ್ತ ನೋಡಿ, ಡಬ್ಬಿಯ ಮುಚ್ಚಳ ತೆಗೆದಳು. ಕಂದು ಬಣ್ಣದ ಚೌಕಗಳು, ಯಾವುದೋ ಬರ್ಫಿ. ಸರಿಯಾಗಿ ನೋಡಲೂ ಇಲ್ಲ. ಡೈಸಿ ಮೂತಿ ಚಾಚಿತು. ಒಂದು, ಎರಡು, ಇಡೀ ಡಬ್ಬಿ. ಅದು ತಿನ್ನುವ ಸೊಗಸು ನೋಡಿ ಆಕೆಗೆ ಅರೆಘಳಿಗೆ ಹೊಟ್ಟೆ ತಣ್ಣಗಾಯಿತು. "ತಿನ್ನು, ತಿನ್ನು. ಅವಳ ಕೈರುಚಿಗೆ ನೀನೇ ಸರಿ," ಎಂದು ಮುಚ್ಚಳ ಹಾಕಿ ಚೀಲಕ್ಕೆ ತುರುಕಿದಳು.

ದೋಣಿ ಉದ್ದಕ್ಕೆ, ಕಿರಿದಾಗಿತ್ತು. ಹಳೆಯ ಕಾಲದ ಲಂಗ, ಟೋಪಿ ತೊಟ್ಟ ಹುಡುಗಿಯೊಬ್ಬಳು ಎಲ್ಲರನ್ನೂ ಕೂರಿಸಿದಳು. ಮುಸರ್ರತ್‌ಳ ತಲೆಯ ಮೇಲಿನ ದುಪಟ್ಟಾ ನೋಡಿ, ನಿಮ್ಮದು ನನ್ನದಕ್ಕಿಂತ ತಂಪಾಗಿರಬೇಕು ಎಂದು ನಕ್ಕಳು. ನಗುವ ಸ್ಥಿತಿಯಲ್ಲಿ ಮುಸರ್ರತ್ ಇರಲಿ​ಲ್ಲ. ಬೆಂಚಿನ ಮೇಲೆ ಇಂದುಮತಿಯ ಪಕ್ಕ ಆಗಲೇ ನಿರುಪಮಾ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದುಕೊಂಡು ಎದುರು ಬೆಂಚಿನಲ್ಲಿ ಕೂತಳು.

ಹಗ್ಗ ಬಿಗಿಯಾಯಿತು. ದಡದ ಮೇಲೆ ಡೈಸಿ ಹೆಜ್ಜೆ ಹಾಕಿತು, ಅದರ ಕಡಿವಾಣ ಹಿಡಿದು ಒಬ್ಬ ಮುದುಕ. ದೋಣಿ ಸರಿಯಿತೋ ಇಲ್ಲವೋ ಎಂದು ದಡದ ಮರ ನೋಡಿ ತಿಳಿಯಬೇಕು, ಅಷ್ಟು ನಿಧಾನ. ಕಾಲುದಾರಿಯಲ್ಲಿ ಪುಟ್ಟ ಮಗುವೊಂದು ಮೂರು ಗಾಲಿಯ ಸೈಕಲ್ಲಿನಲ್ಲಿ ದೋಣಿಯನ್ನು ಹಿಂದೆ ಹಾಕಿ ಹೋಯಿತು. ಬಿದ್ದ ಮರದ ಮೇಲೆ ಆಮೆಗಳು ಬಿಸಿಲು ಕಾಯುತ್ತಿದ್ದವು. ನೀರಿನ ಸದ್ದು ಸಹ ಇರಲಿಲ್ಲ. ಹೊಟ್ಟೆಕಿಚ್ಚು ಪಡಲು ಇಷ್ಟು ಪುರುಸೊತ್ತು ಮುಸರ್ರತ್‌ಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಮನೆಯಲ್ಲಾಗಿದ್ದರೆ ಮಷೀನ್ ಇರುತ್ತಿತ್ತು, ಒಲೆ ಇರುತ್ತಿತ್ತು. ಇಲ್ಲಿ ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಇಂದುಮತಿ ನಿರುಪಮಾಳಿಗೆ ನಾಲೆಯ ಕಥೆ ಹೇಳುತ್ತಿದ್ದಳು. "ನಮ್ಮಜ್ಜಿ ಕೈಲಿ ಲಟ್ಟಣಿಗೆ ಹಿಡ್ಕೊಂಡು ಹಿತ್ತಲ ಬಾಗಿಲಲ್ಲೇ ಕೂತಿರೋರು..." ಅದೇ ಅಜ್ಜಿ, ಅದೇ ಲಟ್ಟಣಿಗೆ, ಅದೇ ಜಾಗದಲ್ಲಿ ನಗು. ಆ ಕಥೆಯನ್ನು ಮುಸರ್ರತ್ ಹಿಮ ಬೀಳುತ್ತಿದ್ದ ಸಂಜೆಯೊಂದರಲ್ಲಿ, ಒಂದೇ ರಜಾಯಿ ಹೊದ್ದು ಕೂತು ಕೇಳಿದ್ದಳು. ತನಗೆಂದು ಇಟ್ಟದ್ದನ್ನು ಇವಳು ಸಿಕ್ಕವರಿಗೆಲ್ಲ ಹಂಚುತ್ತಾಳಲ್ಲ ಎಂದು ತುಟಿ ಕಚ್ಚಿದಳು.

ತಿರುವಿನ ಹತ್ತಿರ ದೋಣಿ ನಿಂತಿತು. ಡೈಸಿ ಹೆಜ್ಜೆ ಎತ್ತದೆ, ಕತ್ತು ತಿರುಗಿಸಿ ದೋಣಿಯನ್ನೇ ನೋಡತೊಡಗಿತು. ಮುದುಕ ಪುಸಲಾಯಿಸಿದ, ಬೆನ್ನು ತಟ್ಟಿದ, ಹಗ್ಗ ಜಗ್ಗಿದ. ಅದು ಮುಂದೆ ನಾಲ್ಕು ಹೆಜ್ಜೆ ಹಾಕಿ ಮತ್ತೆ ನಿಂತು ಮತ್ತೆ ತಿರುಗಿತು. ಅದರ ಕಣ್ಣು ನೆಟ್ಟದ್ದು ಮುಸರ್ರತ್‌ಳ ಮೇಲೆ. ಮುದುಕ ಅದರ ತುಟಿಗಂಟಿದ್ದ ಚೂರನ್ನು ಬೆರಳಲ್ಲಿ ತೆಗೆದು ಮೂಸಿ, ಡೈಸಿಗೆ ಯಾರಾದರೂ ಸಿಹಿ ತಿನ್ನಿಸಿದಿರಾ ಎಂದು ಕೂಗಿ ಕೇಳಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೋಣಿಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರೆ, ಮುಸರ್ರತ್ ಚೀಲವನ್ನು ಎದೆಗವಚಿಕೊಂಡಳು. ಇಂದುಮತಿ ಅದನ್ನು ಕಂಡಳು.

"ಡಬ್ಬಿ ತೆಗಿ ಇಲ್ಲಿ."

ಮುಸರ್ರತ್ ತೆಗೆದಳು. ಇಂದುಮತಿ ಮುಚ್ಚಳ ಎತ್ತಿ ನೋಡಿದಳು.

"ಕತ್ತೆಗೆ ಹಾಕಿದ್ಯಾ?"

"ಕತ್ತೆ ಅಲ್ಲ, ಹೇಸರಗತ್ತೆ."

"ಒಂದು ತುಂಡಾದ್ರೂ ಬಾಯಿಗೆ ಹಾಕ್ಕೊಂಡ್ಯಾ?"

"ಅವರು ಮಾಡಿದ್ದನ್ನ ನಾನ್ಯಾಕೆ ತಿನ್ಲಿ?" ಮುಸರ್ರತ್‌ಳ ದನಿ ಏರಿತು. "ನಾನು ಡಬ್ಬಿ ಕೊಟ್ಟಿದ್ದು ನಿನಗೆ. ತುಂಬಬೇಕಾದೋಳು ನೀನು. ಇನ್ಯಾರ ಕೈಲೋ ತುಂಬಿಸಿ ಮುಖಕ್ಕೆ ಹಿಡಿದ್ರೆ ಆಗೋಯ್ತಾ? ಹೋಗೋಳಿಗೆ ಅಷ್ಟು ಅವಸರಾನಾ?"

ನಿರುಪಮಾಳ ಮುಖ ಬಿಳಿಚಿಕೊಂಡಿತು. ಎದ್ದು ಹೋಗೋಣವೆಂದರೆ ದೋಣಿಯಲ್ಲಿ ಎಲ್ಲಿಗೆ ಹೋಗುವುದು? ಇಂದುಮತಿ ಡಬ್ಬಿಯನ್ನು ಮುಸರ್ರತ್‌ಳ ಮೂಗಿನ ಹತ್ತಿರ ಹಿಡಿದಳು. ಮೂಲೆಯಲ್ಲಿ ಒಂದಿಷ್ಟು ಪುಡಿ ಅಂಟಿಕೊಂಡಿತ್ತು.

"ಇದನ್ನಾದ್ರೂ ನೆಕ್ಕು."

ಮುಸರ್ರತ್ ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡಳು. ಹುರಿದ ಕೊಬ್ಬರಿ, ಬೆಲ್ಲ. ಅಷ್ಟೇ ಎನ್ನುವಷ್ಟರಲ್ಲಿ ಗಂಟಲಲ್ಲಿ ಚುರುಕ್ ಎಂದಿತು. ತಿಪಟೂರಿನ ಅಡುಗೆಮನೆ, ಹಿತ್ತಾಳೆ ಪಾತ್ರೆ, ಅಮ್ಮಿಯ ಸೆರಗು.

"ಇದು ಅಮ್ಮೀದು," ಎಂದಳು.

"ನಿಮ್ಮಮ್ಮಂದೇ."

"ಇವಳಿಗೆ ಹೇಳಿಕೊಟ್ಯಾ? ಆಣೆ ಇಟ್ಟಿದ್ಯಲ್ಲೇ ಇಂದು!"

"ಇಟ್ಟಿದ್ದೆ. ಮುರಿದೆ," ಎಂದಳು ಇಂದುಮತಿ. "ದುಃಖ ಬಂದ್ರೆ ನೀನು ಊಟ ಬಿಟ್ಟು ಗೋಡೆ ನೋಡ್ತಾ ಕೂತ್ಕೋತೀಯ. ಇಕ್ರಾಮ್ ಭಾಯ್‌ಗೆ ಟೀ ಮಾಡೋಕೂ ಬರಲ್ಲ. ರಾಚೆಸ್ಟರ್ ಹಿಲ್ಸಿಂದ ಡಬ್ಬಿ ಹಿಡ್ಕೊಂಡು ನಾನು ಯಾವಾಗ ಬಂದು ಮುಟ್ಟಲಿ? ಇವಳ ಮನೆ ನಿನ್ನ ಮನೆಯಿಂದ ಎರಡು ಸಿಗ್ನಲ್. ಪಾಕ ಎಷ್ಟು ಸಲ ಕೆಡಿಸಿದ್ಲು ಗೊತ್ತಾ, ಪಾಪ? ಮಧ್ಯಾಹ್ನ ಎಲ್ಲಾ ನಿಂತು ಕಲಿಸಿದೆ. ಇವತ್ತು ನೀನು ತಿಂದು ಸರಿ ಅನ್ನಬೇಕಿತ್ತು. ಕತ್ತೆ ಕೈಲಿ ಅನ್ನಿಸ್ಬಿಟ್ಟೆ."

ಆ ಮಧ್ಯಾಹ್ನಗಳನ್ನು ನೆನೆದು ಮುಸರ್ರತ್ ಎಷ್ಟು ಉರಿದಿದ್ದಳು! ಈಗ ಕಾರಣ ತಿಳಿದ ಮೇಲೆ ಉರಿ ಆರಬೇಕಿತ್ತು. ಆರಲಿಲ್ಲ. ತನ್ನ ಮೇಲಿನ ಪ್ರೀತಿಗೇ ಇಂದುಮತಿ ಹಾಗೆ ಮಾಡಿದ್ದು ಎಂದು ಎದೆ ತುಂಬಿ ಬಂತು; ಅಮ್ಮಿಯ ಮೆಣಸಿನ ಗುಟ್ಟು ಇನ್ನೊಬ್ಬಳ ಪಾಲಾಯಿತಲ್ಲ ಎಂದು ಹೊಟ್ಟೆಯೂ ಉರಿಯಿತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಏನು ಹೇಳಬೇಕು? ಆಕೆ ನಿರುಪಮಾಳ ಕಡೆ ತಿರುಗಿದಳು.

"ಮೆಣಸು ಸ್ವಲ್ಪ ಜಾಸ್ತಿಯಾಗಿದೆ," ಎಂದಳು.

"ಕಮ್ಮಿ ಮಾಡ್ತೀನಿ ಆಂಟಿ," ಎಂದಳು ನಿರುಪಮಾ ಸಣ್ಣ ದನಿಯಲ್ಲಿ.

ದೋಣಿ ಇನ್ನೂ ನಿಂತೇ ಇತ್ತು. ಲಂಗದ ಹುಡುಗಿ ಕೋಲು ಊರಿ ದೋಣಿಯನ್ನು ದಡಕ್ಕೆ ಸರಿಸಿದಳು. ಮುಸರ್ರತ್ ಎದ್ದು ನಿಂತು, ಅಷ್ಟು ಜನರ ಮುಂದೆ, ಖಾಲಿ ಡಬ್ಬಿಯನ್ನು ಡೈಸಿಯ ಮೂತಿಗೆ ಹಿಡಿದು, "ನೋಡ್ಕೋ, ಮುಗೀತು. ಇನ್ನು ನಡಿ," ಎಂದಳು. ಡೈಸಿ ಮೂಸಿತು, ತಳ ನೆಕ್ಕಿತು, ನಿಟ್ಟುಸಿರು ಬಿಟ್ಟು ನಡೆಯಿತು. ದೋಣಿಯವರೆಲ್ಲ ಚಪ್ಪಾಳೆ ತಟ್ಟಿದರು. ಇಂದುಮತಿ ಸೊಂಟ ಹಿಡಿದುಕೊಂಡು ನಕ್ಕಳು. ಆಮೇಲೆ ಮುಸರ್ರತ್‌ಳ ಪಕ್ಕಕ್ಕೆ ಬಂದು ಕೂತಳು.

"ಡಬ್ಬಿ ಈಗ ನಿನ್ನ ಹತ್ರ ಇದೆ, ಖಾಲಿಯಾಗಿದೆ," ಎಂದಳು. "ಇಸ್ಕೊಳ್ಳೋಕೆ ನಾನು ಬರಲ್ಲ. ತುಂಬಿ ತಂದು ಕೊಡೋದು ನಿನ್ನ ಕೆಲಸ."

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದೆ ಎಂದು ಮುಸರ್ರತ್‌ಗೆ ಆಗ ಹೊಳೆಯಿತು.

ಮುಂದಿನ ವಾರ ಇಂದುಮತಿ ಹೋದಳು. ಮೊಮ್ಮಗ ಹುಟ್ಟಿದ. ಫೋನಿನಲ್ಲಿ ಮಾತಾಡಿದಾಗೆಲ್ಲ ಕಡೆಗೆ, "ನನ್ನ ಡಬ್ಬಿ?" ಎಂದು ಕೇಳುವಳು. ಇಕ್ರಾಮನಿಗೆ ರಜೆ ಸಿಗಲಿಲ್ಲ. ಡಬ್ಬಿ ಅಡುಗೆಮನೆಯ ಕಿಟಕಿಯಲ್ಲಿ ಕೂತು ಮುಸರ್ರತ್‌ಳನ್ನು ನೋಡುತ್ತಿತ್ತು. ಮೇಪಲ್ ಎಲೆಗಳೆಲ್ಲ ಉದುರಿದ ಮೇಲೆ ಒಂದು ದಿನ ಆಕೆ ನಿರುಪಮಾಳಿಗೆ ಫೋನ್ ಮಾಡಿದಳು.

"ಆ ಬ್ಲೌಸ್ ತಗೊಂಡು ಬಾ. ತೋಳು ಬಿಚ್ಚಿ ಕೊಡ್ತೀನಿ. ಒಳಗೆ ಬಟ್ಟೆ ಬಿಟ್ಟಿದೀನಿ."

ಬಂದಳು. ಮುಸರ್ರತ್ ಹೊಲಿಗೆ ಬಿಚ್ಚುವಾಗ ಪಕ್ಕದಲ್ಲೇ ಕೂತು ನೋಡಿದಳು. "ಬೇಕಂತ್ಲೇ ಬಿಗಿ ಮಾಡಿದ್ರಾ ಆಂಟಿ?" ಎಂದು ಕೇಳಿದಳು.

"ಹೂಂ," ಎಂದಳು ಮುಸರ್ರತ್, ದಾರ ಕಚ್ಚುತ್ತಾ. "ಮಿಶಿಗನ್‌ಗೆ ಡ್ರೈವ್ ಮಾಡ್ತೀಯಾ?"

ಆ ಶನಿವಾರ ಹೊರಟರು. ಕೊಬ್ಬರಿ ಮಿಠಾಯಿಯನ್ನು ಇಬ್ಬರೂ ಸೇರಿ ಮಾಡಿದ್ದರು. ಮೆಣಸು ಮಾತ್ರ ಮುಸರ್ರತ್ ತಾನೇ ಹಾಕಿದ್ದಳು. ಮುಂದಿನ ಸೀಟಿನಲ್ಲಿ ಕೂತು, ಡಬ್ಬಿ ಮಡಿಲಲ್ಲಿಟ್ಟುಕೊಂಡು ಆಕೆ ಇಡೀ ದಾರಿ ಮಾತಾಡಿದಳು. ಎಲ್ಲ ಇಂದುಮತಿಯ ಮಾತೇ. ನಿನಗೆ ಇದು ಗೊತ್ತಾ, ಅದು ಗೊತ್ತಾ ಎಂದು ಒಬ್ಬರನ್ನೊಬ್ಬರು ಕೆಣಕುತ್ತಾ ಐದು ಗಂಟೆ ಕಳೆದದ್ದು ತಿಳಿಯಲಿಲ್ಲ.

ರಾಚೆಸ್ಟರ್ ಹಿಲ್ಸಿನ ಮನೆಯಲ್ಲಿ ಇಂದುಮತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ತೆಗೆದಳು. ಅತ್ತಳು, ನಕ್ಕಳು, ಒಳಗೆ ಕರೆದಳು. ಊಟದ ಟೇಬಲ್ಲಿನ ಹತ್ತಿರ ದಪ್ಪ ಜಡೆಯ ಹೆಂಗಸೊಬ್ಬಳು, ತನ್ನದೇ ಮನೆ ಎಂಬಂತೆ ಬೀನ್ಸ್ ಹೆಚ್ಚುತ್ತಾ ಕೂತಿದ್ದಳು. ತಲೆಯೆತ್ತದೆ ಕೇಳಿದಳು:

"ಯಾರೇ ಬಂದಿದ್ದು, ಇಂದೂ?"

ಮುಸರ್ರತ್ ಕಾಲಿಟ್ಟಲ್ಲೇ ನಿಂತಳು.

"ಇವಳು ಕೌಸಲ್ಯಾ, ಪಕ್ಕದ ಮನೆಯವಳು," ಎಂದಳು ಇಂದುಮತಿ ಖುಷಿಯಿಂದ. "ಇವಳಿಲ್ದಿದ್ರೆ ನಾನು ಇಲ್ಲಿ ಸತ್ತೇಹೋಗ್ತಿದ್ದೆ ಕಣ್ರೇ. ಎಲ್ಲಿ, ನನ್ನ ಡಬ್ಬಿ ಕೊಡು."

ಮುಸರ್ರತ್ ನಿರುಪಮಾಳ ಕಡೆ ನೋಡಿದಳು. ವರ್ಷ ಕಳೆದರೂ 'ಇಂದುಮತಿ ಆಂಟಿ' ಎನ್ನುವುದನ್ನು ದಾಟಲು ಧೈರ್ಯವಿಲ್ಲದಿದ್ದ ಆ ಹುಡುಗಿಯ ತುಟಿ ಬಿಗಿದಿತ್ತು, ಕಣ್ಣು ಬೀನ್ಸಿನ ರಾಶಿಯ ಮೇಲಿತ್ತು. ಆ ಮುಖ ಯಾವುದೆಂದು ಮುಸರ್ರತ್‌ಗೆ ಚೆನ್ನಾಗಿ ಗೊತ್ತಿತ್ತು.

"ಆಂಟಿ," ಎಂದು ನಿರುಪಮಾ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು, "ಇವರು ಹೋಗೋವರೆಗೂ ಕೊಡ್ಬೇಡಿ."

"ನನಗೆ ಹೇಳಿಕೊಡ್ಬೇಕಾ?" ಎಂದಳು ಮುಸರ್ರತ್. ಅವಳ ಕೈ ಹಿಡಿದೆಳೆದು ಸೋಫಾದ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಒತ್ತಿ ಬಿಗಿ ಮಾಡಿದಳು.